ಆಂಟಿವೈರಸ್ ನುಂಗಿದ ಟೆಸ್ಟ್‌ಗಳು

ಕಂಪ್ಯೂಟರ್ ಲೋಕದಲ್ಲಿ ಒಂದು ಪುಟ್ಟ ಫೈಲಿದೆ. ಅದರೊಳಗಿರುವುದು ಬರೀ 68 ಅಕ್ಷರ. ಅದರಿಂದ ಯಾರಿಗೂ ಏನೂ ಕೆಡುಕಿಲ್ಲ. ಹಳೆಯ ಡಾಸ್ ಯಂತ್ರದಲ್ಲಿ ಓಡಿಸಿದರೆ, ತಾನು ಆಂಟಿವೈರಸ್ ಪರೀಕ್ಷೆಗೆ ಮಾಡಿದ ಫೈಲು ಎಂದು ತೆರೆಯ ಮೇಲೆ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಲ್ಲಿ 1990ರ ದಶಕದಿಂದ ಇದು ಚಾಲ್ತಿಯಲ್ಲಿದೆ. ಇದನ್ನು ಕಂಡರೆ ವೈರಸ್ ಕಂಡಂತೆಯೇ ನಡೆದುಕೊಳ್ಳಬೇಕು ಎಂದು ಆಂಟಿವೈರಸ್ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡಿವೆ. ನಿಮ್ಮ ಕಂಪ್ಯೂಟರಿನ ಕಾವಲುಗಾರ ಎಚ್ಚರವಾಗಿದ್ದಾನೋ ತೂಕಡಿಸುತ್ತಿದ್ದಾನೋ ಎಂದು ನೋಡಲು ನಿಜವಾದ ವೈರಸ್ ತಂದು ಬಿಡಬೇಕಾಗಿಲ್ಲ, ಈ ಫೈಲು ಸಾಕು.

ನಾನು ಪರೀಕ್ಷಿಸುವ ಸಾಫ್ಟ್‌ವೇರಿನಲ್ಲಿ ಸಹಕಾರ ಸಂಘದ ಸದಸ್ಯರು ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವನ್ನೆಲ್ಲ ಸ್ಕ್ಯಾನ್ ಮಾಡಿ ಹಾಕುವ ಜಾಗವಿದೆ. ಯಾರಾದರೂ ವೈರಸ್ ಅಂಟಿದ ಫೈಲು ಹಾಕಿದರೆ ‘ಈ ಫೈಲನ್ನು ಸ್ವೀಕರಿಸಲಾಗುವುದಿಲ್ಲ’ ಎನ್ನಬೇಕು. ಹಾಗೆ ಅನ್ನುತ್ತದೋ ಇಲ್ಲವೋ ನೋಡಲು ಈ 68 ಅಕ್ಷರದ ಫೈಲನ್ನು ಒಂದು ಫೋಲ್ಡರಿನಲ್ಲಿಟ್ಟು, ಅದನ್ನು ಅಪ್‌ಲೋಡ್ ಮಾಡುವ ಟೆಸ್ಟ್ ಬರೆದೆವು. ಬೆಳಿಗ್ಗೆ ನೋಡಿದರೆ ಟೆಸ್ಟ್ ಫೇಲು. ಕಾರಣದ ಸಾಲಿನಲ್ಲಿ ‘ಫೈಲ್ ಸಿಗಲಿಲ್ಲ’ ಎಂದಿತ್ತು. ನನ್ನ ಟೆಸ್ಟ್ ಅದನ್ನು ಕೈಗೆತ್ತಿಕೊಳ್ಳುವ ಮುಂಚೆಯೇ ಲ್ಯಾಪ್‌ಟಾಪಿನ ಆಂಟಿವೈರಸ್ ಎತ್ತಿಕೊಂಡು ಹೋಗಿ ತನ್ನ ಬಂದೀಖಾನೆಗೆ ಹಾಕಿತ್ತು. ಅದು ತನ್ನ ಕೆಲಸ ಮಾಡಿದೆ, ಟೆಸ್ಟೂ ತನ್ನ ಕೆಲಸ ಮಾಡಿದೆ. ನಮ್ಮ ಸಾಫ್ಟ್‌ವೇರ್ ಸರಿಯಿದೆಯೋ ಇಲ್ಲವೋ ಎಂಬುದು ಮಾತ್ರ ಗೊತ್ತಾಗಲೇ ಇಲ್ಲ.

ಇದಕ್ಕೆ ಪರಿಹಾರ ಸುಲಭ. ಆ 68 ಅಕ್ಷರವನ್ನು ಎರಡು ತುಂಡು ಮಾಡಿ ಟೆಸ್ಟಿನ ಕೋಡಿನಲ್ಲೇ ಬೇರೆ ಬೇರೆ ಇಡುವುದು, ಅಪ್‌ಲೋಡ್ ಮಾಡುವ ಹೊತ್ತಿಗೆ ಮೆಮೊರಿಯಲ್ಲೇ ಜೋಡಿಸಿ ಕಳಿಸುವುದು. ಡಿಸ್ಕಿನ ಮೇಲೆ ಇಡೀ ರೂಪದಲ್ಲಿ ಎಲ್ಲೂ ಕಾಣಿಸಿಕೊಳ್ಳದಿದ್ದರೆ ಆಂಟಿವೈರಸ್ ಮುಟ್ಟುವುದಿಲ್ಲ. ಆದರೆ ಟೆಸ್ಟಿಗೂ ಆಂಟಿವೈರಸ್ಸಿಗೂ ಎಲ್ಲ ಜಗಳವೂ ಹೀಗೆ ಕಣ್ಣಿಗೆ ಕಾಣುವಂತೆ ನಡೆಯುವುದಿಲ್ಲ. ಅದನ್ನು ಹೇಳುವ ಮುಂಚೆ ನನ್ನ ಬಗ್ಗೆ ಎರಡು ಮಾತು.

ನಮ್ಮೂರು ಹೆಮ್ಮರಗಾಲ, ನಂಜನಗೂಡು ತಾಲ್ಲೂಕು. ಸಂತಾನ ವೇಣುಗೋಪಾಲಸ್ವಾಮಿಯಿಂದ ಹೆಸರಾದ ಊರು; ಮಕ್ಕಳಾಗಲೆಂದು ಹರಕೆ ಹೊತ್ತವರು ದೂರದೂರದಿಂದ ಬರುತ್ತಾರೆ. ಕೊರೊನಾ ಕಾಲದಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಇಲ್ಲಿಗೆ ಬಂದವಳು ನಾನು. ಕಂಪನಿ ವಾಪಸ್ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಸಹಕಾರ ಸಂಘ, ಗೊಬ್ಬರದಂಗಡಿ, ಡೇರಿ ಇಂಥವರು ಲೆಕ್ಕ ಇಟ್ಟುಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಅದನ್ನು ಬರೆಯುವವರು ಬೇರೆ. ಅದರಲ್ಲಿ ತಪ್ಪು ಹುಡುಕುವುದು ನನ್ನ ಪಾಲಿನ ಕೆಲಸ.

ಒಂದೊಂದನ್ನೂ ಕೈಯಲ್ಲಿ ಒತ್ತಿ ನೋಡುತ್ತ ಕೂತರೆ ಮುಗಿಯುವ ಕೆಲಸವಲ್ಲ ಇದು. ಒಂದು ಕಡೆ ರಿಪೇರಿ ಮಾಡಿದರೆ ಇನ್ನೊಂದು ಕಡೆ ಕಿತ್ತುಕೊಂಡಿರುತ್ತದೆ. ಹಾಗಾಗಿ ಪರೀಕ್ಷೆ ಮಾಡುವುದಕ್ಕೂ ಪ್ರೋಗ್ರಾಂ ಬರೆಯುತ್ತೇವೆ. ಅದಕ್ಕೆ ಆಟೊಮೇಷನ್ ಟೆಸ್ಟಿಂಗ್ ಅನ್ನುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಶುರುವಾಗುತ್ತದೆ. ತಾನೇ ಬ್ರೌಸರ್ ತೆರೆಯುತ್ತದೆ, ಯೂಸರ್ ಹೆಸರು ಪಾಸ್‌ವರ್ಡ್ ಹಾಕುತ್ತದೆ, ಇಲ್ಲದ ಸದಸ್ಯರನ್ನು ಹುಟ್ಟಿಸುತ್ತದೆ, ಅವರ ಹೆಸರಲ್ಲಿ ಹಾಲು ಹಾಕುತ್ತದೆ, ಬಟವಾಡೆ ಮಾಡುತ್ತದೆ, ರಸೀದಿಯ ಮೊತ್ತ ತಾಳೆಯಾಯಿತೇ ಎಂದು ನೋಡುತ್ತದೆ, ಆಮೇಲೆ ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡಿಟ್ಟು ಮುಂದಿನದಕ್ಕೆ ಹೋಗುತ್ತದೆ. ನೀರು ಕುಡಿಯಲು ಎದ್ದ ಅವ್ವ ಒಮ್ಮೆ ಇದನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ‘ಇದೇನವ್ವಾ, ಯಾರೂ ಮುಟ್ದೆ ಇದ್ರೂ ತಾನೇ ಬರ್ಕತದೆ, ತಾನೇ ಅಳುಸ್ತದೆ?’

ಆಂಟಿವೈರಸ್ಸಿಗೂ ಬರುವುದು ಇದೇ ಅನುಮಾನ. ಯಾರೂ ಕೂತಿಲ್ಲ, ಬ್ರೌಸರ್ ತಾನಾಗಿ ತೆರೆದುಕೊಂಡಿದೆ. ಮನುಷ್ಯರ ಬೆರಳಿಗೆ ಆಗದ ವೇಗದಲ್ಲಿ ಕೀಲಿಗಳು ಬೀಳುತ್ತಿವೆ. ನೂರಾರು ಫೈಲು ಹುಟ್ಟುತ್ತಿವೆ, ಹೆಸರು ಬದಲಾಗುತ್ತಿವೆ, ಅಳಿದುಹೋಗುತ್ತಿವೆ. ಫೈಲುಗಳನ್ನೆಲ್ಲ ಬೀಗ ಹಾಕಿ ಒತ್ತೆಹಣ ಕೇಳುವ ರಾನ್ಸಮ್‌ವೇರ್ ಕೂಡ ಹೊರಗಿನಿಂದ ನೋಡಿದರೆ ಇದನ್ನೇ ಮಾಡುತ್ತದೆ. ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಯಂತ್ರಕ್ಕೆ ಕಾಣುವುದಿಲ್ಲ, ನಡವಳಿಕೆ ಮಾತ್ರ ಕಾಣುತ್ತದೆ.

ಅತಿ ಹೆಚ್ಚು ಗೋಳು ಹುಯ್ದುಕೊಂಡ ಜಗಳ ಯಾವುದೆಂದರೆ ಫೈಲು ಅಳಿಸುವುದು. ವಿಂಡೋಸಿನಲ್ಲಿ ಆಂಟಿವೈರಸ್ ಫೈಲುಗಳ ದಾರಿಯಲ್ಲೇ ಕೂತಿರುತ್ತದೆ. ಯಾವುದೇ ಪ್ರೋಗ್ರಾಂ ಒಂದು ಫೈಲು ತೆರೆಯಲಿ, ಬರೆದು ಮುಚ್ಚಲಿ, ತಾನೂ ಒಮ್ಮೆ ತೆರೆದು ಕಣ್ಣಾಡಿಸಿಯೇ ಬಿಡುತ್ತದೆ. ಅದಕ್ಕೆ ಬೇಕಾಗುವುದು ಕೆಲವು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವು. ಮನುಷ್ಯ ಮಾಡುವ ಕೆಲಸದಲ್ಲಿ ಇದು ಗೊತ್ತೇ ಆಗುವುದಿಲ್ಲ. ಟೆಸ್ಟ್ ಹಾಗಲ್ಲ. ಬರೆದು ಮುಚ್ಚಿದ ಮರುಕ್ಷಣವೇ ಅದನ್ನು ಅಳಿಸಲು ಹೋಗುತ್ತದೆ. ಆ ಹೊತ್ತಿಗೆ ಫೈಲು ಆಂಟಿವೈರಸ್ಸಿನ ಕೈಯಲ್ಲಿರುತ್ತದೆ. ಬೇರೆಯವರು ಹಿಡಿದುಕೊಂಡಿರುವ ಫೈಲನ್ನು ಅಳಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಈ ಫೈಲು ಇನ್ನೊಂದು ಪ್ರೋಗ್ರಾಂನ ಬಳಕೆಯಲ್ಲಿದೆ ಎಂದು ತಿರುಗಿಸಿ ಕಳಿಸುತ್ತದೆ. ಕೆಲವೊಮ್ಮೆ ಅಳಿಸಿದೆ ಅನ್ನಿಸಿಕೊಂಡರೂ ಹಿಡಿದವರು ಕೈ ಬಿಡುವ ತನಕ ಫೈಲು ಅಲ್ಲೇ ಜೀವ ಹಿಡಿದಿರುತ್ತದೆ. ಆಗ ಒಳಗಿನದೆಲ್ಲ ಅಳಿಸಿ ಫೋಲ್ಡರನ್ನು ತೆಗೆಯಲು ಹೋದರೆ ಫೋಲ್ಡರ್ ಖಾಲಿಯಿಲ್ಲ ಅನ್ನುತ್ತದೆ. ತೆರೆದು ನೋಡಿದರೆ ಒಳಗೆ ಏನೂ ಇಲ್ಲ! ಲಿನಕ್ಸಿನಲ್ಲಿ ಯಾರು ಹಿಡಿದುಕೊಂಡಿದ್ದರೂ ಫೈಲಿನ ಹೆಸರು ಅಳಿಸಲು ಬರುತ್ತದೆ, ಆದ್ದರಿಂದ ಈ ತಕರಾರು ಅಲ್ಲಿ ಅಷ್ಟಿಲ್ಲ. ಡೆವಲಪರ್ ಲಿನಕ್ಸಿನಲ್ಲಿ ಓಡಿಸಿ ‘ನನ್ನ ಕಡೆ ಸರಿಯಿದೆಯಲ್ಲ’ ಎನ್ನುವುದು, ನಾನು ವಿಂಡೋಸಿನಲ್ಲಿ ಓಡಿಸಿ ‘ನನ್ನ ಕಡೆ ಬಿದ್ದಿದೆಯಲ್ಲ’ ಎನ್ನುವುದು ಇದರಿಂದಲೇ.

ಇದು ನನ್ನೊಬ್ಬಳ ಗೋಳಲ್ಲ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ನಿಮ್ಮ ಫೋನಿನಲ್ಲೂ ಇದೆ, ಬ್ರೌಸರಿನಲ್ಲೂ ಇದೆ; ಜಗತ್ತಿನಲ್ಲಿ ಅತಿ ಹೆಚ್ಚು ಕಡೆ ಕೂತಿರುವ ಸಾಫ್ಟ್‌ವೇರ್‌ಗಳಲ್ಲಿ ಅದೂ ಒಂದು. ವಿಂಡೋಸಿಗಾಗಿ ಬರೆದ ಅದರ ಭಾಗದಲ್ಲಿ ಆಂಟಿವೈರಸ್ ಕಾಟಕ್ಕೆಂದೇ ಒಂದು ಏರ್ಪಾಡು ಮಾಡಿದ್ದಾರೆ. ಫೈಲು ಓದುವುದು, ಬರೆಯುವುದು, ಅಳಿಸುವುದು ವಿಫಲವಾದರೆ ತಕ್ಷಣ ಸೋಲೊಪ್ಪುವುದಿಲ್ಲ. 25 ಮಿಲಿಸೆಕೆಂಡು ಕಾದು ಮತ್ತೆ ಯತ್ನಿಸುತ್ತದೆ, ಆಮೇಲೆ 50, ಆಮೇಲೆ 75, ಹೀಗೆ ಹತ್ತು ಸಲ. ಕೂಡಿದರೆ ಸುಮಾರು 1.4 ಸೆಕೆಂಡು. ಜಾವಾಸ್ಕ್ರಿಪ್ಟ್ ಜನ ಬಳಸುವ ಗ್ರೇಸ್‌ಫುಲ್ ಎಫ್‌ಎಸ್ ಎಂಬ ಸಲಕರಣೆಯೂ ಅಷ್ಟೇ: ವಿಂಡೋಸಿನಲ್ಲಿ ಫೈಲಿನ ಹೆಸರು ಬದಲಿಸಲಾಗದಿದ್ದರೆ, ಇದು ಆಂಟಿವೈರಸ್ ಹಿಡಿದುಕೊಂಡಿರಬೇಕು ಎಂದು ಊಹಿಸಿ ಮತ್ತೆ ಮತ್ತೆ ಯತ್ನಿಸುತ್ತದೆ.

ಎಸ್‌ಕ್ಯೂಲೈಟಿನವರಿಗೂ ಆಂಟಿವೈರಸ್ಸಿಗೂ ಇನ್ನೊಂದು ಹಳೆಯ ಲೆಕ್ಕವಿದೆ. ಮೆಕಾಫಿ ಕಂಪನಿ ತನ್ನ ಆಂಟಿವೈರಸ್ಸಿನ ಒಳಗೇ ಎಸ್‌ಕ್ಯೂಲೈಟ್ ಬಳಸತೊಡಗಿತ್ತು. ಜನರ ಕಂಪ್ಯೂಟರಿನಲ್ಲಿ ತಾತ್ಕಾಲಿಕ ಫೈಲುಗಳನ್ನಿಡುವ ಟೆಂಪ್ ಫೋಲ್ಡರಿನಲ್ಲಿ ಎಸ್‌ಕ್ಯೂಲೈಟ್ ಎಂಬ ಹೆಸರಿನಿಂದ ಶುರುವಾಗುವ ಫೈಲುಗಳು ಕಾಣಿಸಿಕೊಂಡವು. ಇದಾವುದೋ ಪೀಡೆ ಎಂದುಕೊಂಡವರು ಹೆಸರು ಹುಡುಕಿ, ಅದನ್ನು ಬರೆದವರ ಫೋನ್ ನಂಬರ್ ಪತ್ತೆ ಮಾಡಿ, ಅಪರಾತ್ರಿಯಲ್ಲಿ ಎಬ್ಬಿಸಿ ಬೈಯತೊಡಗಿದರು. 2006ರ ಅಕ್ಟೋಬರಿನಲ್ಲಿ ಎಸ್‌ಕ್ಯೂಲೈಟಿನವರು ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಎಟಿಲ್‌ಕ್ಯೂಎಸ್’ ಎಂದಿಟ್ಟರು. ಕಾರಣವನ್ನು ಕೋಡಿನಲ್ಲೇ ಬರೆದಿಟ್ಟಿದ್ದಾರೆ. ಇವತ್ತಿಗೂ ನಿಮ್ಮ ವಿಂಡೋಸ್ ಕಂಪ್ಯೂಟರಿನ ಟೆಂಪ್ ಫೋಲ್ಡರಿನಲ್ಲಿ ಆ ತಲೆಕೆಳಗಾದ ಹೆಸರಿನ ಫೈಲು ಸಿಕ್ಕರೆ ಗಾಬರಿಯಾಗಬೇಡಿ, ಯಾರಿಗೂ ಫೋನೂ ಮಾಡಬೇಡಿ.

ಎರಡನೆಯದು ಗುರುತಿನ ಸಮಸ್ಯೆ. ಅರಳಿಕಟ್ಟೆಯ ಮೇಲೆ ಕೂತ ಹಿರಿಯರು ಹೊಸಬರು ಬಂದರೆ ‘ಯಾವೂರು, ಯಾರ ಮನೆಗೆ?’ ಎಂದು ಕೇಳದೆ ಬಿಡುತ್ತಾರೆಯೇ? ಈಗಿನ ಆಂಟಿವೈರಸ್‌ಗಳೂ ಹೀಗೆಯೇ. ಈ ಪ್ರೋಗ್ರಾಂ ಫೈಲನ್ನು ಜಗತ್ತಿನಲ್ಲಿ ಬೇರೆ ಯಾರಾದರೂ ನೋಡಿದ್ದಾರೆಯೇ, ಇದಕ್ಕೆ ಗೊತ್ತಿರುವ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ವಿಚಾರಿಸುತ್ತವೆ. ಟೆಸ್ಟಿಂಗಿನಲ್ಲಿ ಪ್ರತಿ ಸಲವೂ ಪ್ರೋಗ್ರಾಂ ಹೊಸದಾಗಿ ತಯಾರಾಗುತ್ತದೆ. ಐದು ನಿಮಿಷದ ಹಿಂದೆ ಹುಟ್ಟಿದ ಆ ಫೈಲನ್ನು ಜಗತ್ತಿನಲ್ಲಿ ಯಾರೂ ನೋಡಿಲ್ಲ, ಸಹಿಯೂ ಇಲ್ಲ. ಸಾಲದ್ದಕ್ಕೆ ಅದು ಓಡುವುದು ಟೆಂಪ್ ಫೋಲ್ಡರಿನಿಂದ, ಕಳ್ಳ ಪ್ರೋಗ್ರಾಂಗಳ ಮೆಚ್ಚಿನ ಜಾಗದಿಂದ. ಗೂಗಲ್ ಹುಟ್ಟುಹಾಕಿದ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯವರು, ಪದೇ ಪದೇ ಬರುವ ಪ್ರಶ್ನೆಗಳ ತಮ್ಮ ಪಟ್ಟಿಯಲ್ಲಿ ಇದಕ್ಕೊಂದು ಜಾಗ ಕೊಟ್ಟಿದ್ದಾರೆ. ನಾನು ಬರೆದ ಪ್ರೋಗ್ರಾಮನ್ನು ಆಂಟಿವೈರಸ್ ವೈರಸ್ ಅನ್ನುತ್ತಿದೆಯಲ್ಲ, ಯಾಕೆ ಎಂಬುದು ಪ್ರಶ್ನೆ. ವಿಂಡೋಸಿನಲ್ಲಿ ಇದು ಮಾಮೂಲು, ಬಹುಪಾಲು ಅದು ಸುಳ್ಳು ಅನುಮಾನ ಎಂಬುದು ಉತ್ತರದ ಸಾರ.

ಬ್ರೌಸರ್ ಟೆಸ್ಟಿಗೆ ನಾವೆಲ್ಲ ಸೆಲೆನಿಯಂ ಬಳಸುತ್ತೇವೆ. 2004ರಲ್ಲಿ ಜೇಸನ್ ಹಗಿನ್ಸ್ ಎಂಬವರು ಶುರು ಮಾಡಿದ್ದು. ಆಗ ಟೆಸ್ಟಿಂಗ್ ಸಲಕರಣೆಗಳಲ್ಲಿ ಮರ್ಕ್ಯುರಿ ಎಂಬ ಕಂಪನಿಯದೇ ದೊಡ್ಡ ಹೆಸರು. ಮರ್ಕ್ಯುರಿ ಅಂದರೆ ಪಾದರಸ; ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಆ ಹೆಸರು ಬಂತಂತೆ. 2014ರಲ್ಲಿ ಅದರ ಅಂತರರಾಷ್ಟ್ರೀಯ ಸಮ್ಮೇಳನವೇ ಬೆಂಗಳೂರಿನಲ್ಲಿ ನಡೆದಿತ್ತು, ಅಷ್ಟು ಮಂದಿ ಟೆಸ್ಟರ್‌ಗಳಿದ್ದಾರೆ ನಮ್ಮಲ್ಲಿ. ಸೆಲೆನಿಯಂ ಮತ್ತು ಕ್ರೋಮ್ ಬ್ರೌಸರಿನ ನಡುವೆ ಕ್ರೋಮ್‌ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಂ ಇರುತ್ತದೆ. ಕ್ರೋಮ್ ಹೊಸದಾದಾಗಲೆಲ್ಲ ಇದೂ ಹೊಸದಾಗಬೇಕು. ಅಂತರಜಾಲದಿಂದ ಇಳಿದು, ಒಂದು ಪೋರ್ಟ್ ತೆರೆದು ಕೂತು, ಬ್ರೌಸರನ್ನು ಬೇರೆಯವರ ಅಪ್ಪಣೆಯಂತೆ ಕುಣಿಸುತ್ತದೆ. ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮಿನ ಲಕ್ಷಣ ಬರೆಯಿರಿ ಎಂದರೆ ನಾನೂ ಇದನ್ನೇ ಬರೆಯುತ್ತಿದ್ದೆ.

ಕನ್ನಡದ್ದೇ ಆದ ಒಂದು ಪಜೀತಿಯನ್ನೂ ಹೇಳಬೇಕು. ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು, ಕನ್ನಡ ಅಕ್ಷರವಾಗಿಸಿ ಮುಂದೆ ದಾಟಿಸುತ್ತವೆ. ಕೀಲಿ ಕದಿಯುವ ಪ್ರೋಗ್ರಾಂ ಹೊಂಚು ಹಾಕುವುದೂ ಅದೇ ನಡುದಾರಿಯಲ್ಲಿ. ಸಂಘಗಳ ಗುಮಾಸ್ತರು ಹೆಚ್ಚಾಗಿ ಬಳಸುವುದು ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅನುಸರಿಸಿದ ಜೋಡಣೆ; ಅದರಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು. ನಮ್ಮ ಟೆಸ್ಟ್ ಗುಮಾಸ್ತರ ಹಾಗೆಯೇ ಕೀಲಿಗಳನ್ನು ಒತ್ತಿ ಸದಸ್ಯರ ಹೆಸರು ಬರೆಯುತ್ತದೆ. ಒಂದು ಆಂಟಿವೈರಸ್ಸಿನಲ್ಲಿ ಕೀಲಿಮಣೆ ರಕ್ಷಣೆ ಎಂಬ ಸೌಲಭ್ಯವಿತ್ತು. ಬೆರಳಿಲ್ಲದೆ ಬಿದ್ದ ಕೀಲಿಗಳ ಮೇಲೆ ಅದರ ಕಣ್ಣು. ಆಗಾಗ ಒಂದೊಂದನ್ನು ನುಂಗುತ್ತಿತ್ತು. ಬೆಳಿಗ್ಗೆ ಫಲಿತಾಂಶದ ಪಟ್ಟಿಯಲ್ಲಿ ಸಿದ್ದಪ್ಪ ಎಂದು ಇರಬೇಕಾದ ಕಡೆ ‘ಸಿದದಪಪ’ ಎಂದಿತ್ತು. ಅಕ್ಷರ ಜೋಡಿಸುವ ಕೋಡಿನಲ್ಲೇ ತಪ್ಪಿರಬೇಕೆಂದು ಡೆವಲಪರ್ ತಲೆ ಕೆಡಿಸಿಕೊಂಡಿದ್ದೇ ಬಂತು. ಕೊನೆಗೆ ಒಂದು ಸುಳಿವು ಸಿಕ್ಕಿತು: ಒತ್ತಿಲ್ಲದ ಹೆಸರುಗಳಲ್ಲೂ ಒಮ್ಮೊಮ್ಮೆ ಒಂದಕ್ಷರ ಕಾಣೆಯಾಗುತ್ತಿತ್ತು. ಕೋಡಿನ ತಪ್ಪಾಗಿದ್ದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಆಗಬೇಕಿತ್ತು.

ಇಷ್ಟೆಲ್ಲ ಬುದ್ಧಿವಂತರಿರುವ ಆಂಟಿವೈರಸ್ ಕಂಪನಿಗಳಿಗೆ ಟೆಸ್ಟ್ ಯಾವುದು, ವೈರಸ್ ಯಾವುದು ಎಂದು ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಆಗುವುದಿಲ್ಲ. ಫ್ರೆಡ್ ಕೋಹೆನ್ ಎಂಬ ಅಮೆರಿಕದ ಸಂಶೋಧಕ 1980ರ ದಶಕದಲ್ಲೇ ಇದನ್ನು ಗಣಿತದಿಂದ ತೋರಿಸಿದ್ದಾರೆ. ಎಲ್ಲ ವೈರಸ್ಸನ್ನೂ ಹಿಡಿಯುವ, ವೈರಸ್ ಅಲ್ಲದ ಯಾವುದನ್ನೂ ತಪ್ಪಾಗಿ ಹಿಡಿಯದ ಪ್ರೋಗ್ರಾಮನ್ನು ಬರೆಯುವುದೇ ಅಸಾಧ್ಯ. ಹಾಗಾಗಿ ಪ್ರತಿ ಆಂಟಿವೈರಸ್ಸೂ ಎಲ್ಲೋ ಒಂದು ಕಡೆ ಗೆರೆ ಎಳೆದುಕೊಳ್ಳುತ್ತದೆ. ಗೆರೆ ಆಚೆ ಸರಿದರೆ ಕಳ್ಳರು ನುಸುಳುತ್ತಾರೆ, ಈಚೆ ಸರಿದರೆ ನನ್ನಂಥವರ ಟೆಸ್ಟ್ ಸಾಯುತ್ತದೆ. ನನ್ನ ಟೆಸ್ಟ್ ಸಾಯುವುದೇ ಮೇಲು ಎಂದು ಅವರು ತೀರ್ಮಾನಿಸಿದ್ದಾರೆ. ಅದರಲ್ಲಿ ನನಗೇನೂ ತಕರಾರಿಲ್ಲ.

ತಕರಾರಿರುವುದು ನಮ್ಮ ಕಡೆಯವರ ಮೇಲೆ. ಒಮ್ಮೆ ಪಾಸು, ಒಮ್ಮೆ ಫೇಲು ಆಗುವ ಟೆಸ್ಟಿಗೆ ನಮ್ಮ ಭಾಷೆಯಲ್ಲಿ ಫ್ಲೇಕಿ ಎನ್ನುತ್ತಾರೆ. ಆಂಟಿವೈರಸ್ ಒಂದೇ ಇದಕ್ಕೆ ಕಾರಣವಲ್ಲ; ನೆಟ್‌ವರ್ಕ್ ನಿಧಾನವಾದರೂ ಆಗುತ್ತದೆ, ಎರಡು ಟೆಸ್ಟ್ ಒಂದೇ ಡೇಟಾಕ್ಕೆ ಕೈ ಹಾಕಿದರೂ ಆಗುತ್ತದೆ. ಗೂಗಲ್‌ನಂಥ ಕಂಪನಿಯೇ 2016ರಲ್ಲಿ ಹೇಳಿಕೊಂಡ ಲೆಕ್ಕ ಹೀಗಿದೆ: ಅವರಲ್ಲಿ ಸುಮಾರು ಶೇ. 16ರಷ್ಟು ಟೆಸ್ಟ್‌ಗಳಲ್ಲಿ ಈ ಚಂಚಲತೆ ಒಂದಿಷ್ಟಾದರೂ ಇತ್ತು. ಇಂಥ ಟೆಸ್ಟ್ ಬಿದ್ದಾಗ ಕಂಪನಿಗಳಲ್ಲಿ ಬರುವ ಮೊದಲ ಮಾತು ‘ಇನ್ನೊಂದ್ಸಲ ಓಡಿಸಿ ನೋಡು’. ಓಡಿಸಿದರೆ ಪಾಸು, ವಿಷಯ ಮುಗಿಯಿತು. ಎರಡನೇ ಮಾತು ‘ಆ ಆಂಟಿವೈರಸ್ ಆಫ್ ಮಾಡ್ಬಿಡು ಅತ್ಲಾಗೆ’. ಎರಡನ್ನೂ ದಿನಾ ಕೇಳಿ ಕೇಳಿ, ಬಿದ್ದ ಟೆಸ್ಟನ್ನು ಯಾರೂ ನಂಬದ ಹಾಗಾಗುತ್ತದೆ. ನಿಜವಾದ ತಪ್ಪಿಗೆ ಬಿದ್ದದ್ದೂ ಅದೇ ಗುಂಪಿನಲ್ಲಿ ಕಳೆದುಹೋಗುತ್ತದೆ.

ನಮ್ಮ ಕಡೆಯ ಒಂದು ಊರಿನ ಡೇರಿಯಲ್ಲಿ ನಡೆದದ್ದು ಕೇಳಿ. ಊರಿನ ಹೆಸರು ಬೇಡ. ಬೆಳಿಗ್ಗೆ ಸಾಲು ನಿಂತಿದೆ. ಒಬ್ಬೊಬ್ಬರ ಹಾಲಿನ ತೂಕ ಆಗಿ, ಸ್ಯಾಂಪಲ್ ಹಾಕಿದ ಮಿಷಿನ್ನಿನಿಂದ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕಂಪ್ಯೂಟರಿಗೆ ಬಂದು, ದರ ಲೆಕ್ಕವಾಗಿ ಚೀಟಿ ಪ್ರಿಂಟಾಗಬೇಕು. ಹೊಸ ಆವೃತ್ತಿ ಹಾಕಿದ ಮೇಲೆ ಆಗೊಂದು ಈಗೊಂದು ಚೀಟಿ ಬರುತ್ತಲೇ ಇರಲಿಲ್ಲ. ಮತ್ತೆ ಒತ್ತಿದರೆ ಬರುತ್ತಿತ್ತು. ಸೆಕ್ರೆಟರಿ ಅಣ್ಣ ಫೋನ್ ಮಾಡಿ, ‘ಏನ್ ತಂಗಿ, ನಿಮ್ ಸಾಫ್ಟ್‌ವೇರು ಹಿಂಗೆ ಮುನಿಸ್ಕಂಡ್ರೆ ಹೆಂಗೆ? ಹಾಲ್ ಹಾಕೋರು ನನ್ ಮೇಲ್ ರೇಗ್ತಾರೆ’ ಅಂದರು. ಹೋಗಿ ನೋಡಿದೆ. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಸಿಪಿಯು, ಅದರ ಮೇಲೆ ಕ್ಯಾನಿನ ಮುಚ್ಚಳ. ಪರದೆಯ ಬಲಗಡೆ ಕೆಳಗೆ, ಗಡಿಯಾರದ ಪಕ್ಕ ಆಂಟಿವೈರಸ್ಸಿನ ಚಿಹ್ನೆ. ನಮ್ಮ ಸಾಫ್ಟ್‌ವೇರ್ ಪ್ರತಿ ಚೀಟಿಗೂ ಒಂದು ತಾತ್ಕಾಲಿಕ ಫೈಲು ಬರೆದು, ಹೆಸರು ಬದಲಿಸಿ, ಪ್ರಿಂಟರಿಗೆ ಕಳಿಸಿ, ಅಳಿಸುತ್ತಿತ್ತು. ನಡುವೆ ಆಂಟಿವೈರಸ್ ಆ ಫೈಲನ್ನು ಹಿಡಿದ ಸಲವೆಲ್ಲ ಹೆಸರು ಬದಲಿಸುವುದು ಸೋತು, ಸದ್ದಿಲ್ಲದೆ ಚೀಟಿ ತಪ್ಪುತ್ತಿತ್ತು. ಇದೇ ಜಾಗದಲ್ಲಿ ನಮ್ಮ ಟೆಸ್ಟೂ ಆಗೀಗ ಬೀಳುತ್ತಿತ್ತು. ಅದನ್ನು ‘ಆಂಟಿವೈರಸ್ ಕಾಟ’ ಎಂಬ ಹಣೆಪಟ್ಟಿ ಹಚ್ಚಿ ಬದಿಗೆ ಸರಿಸಿದ್ದರು.

ನಾನು ಹೇಳಬೇಕಾದದ್ದು ಇಷ್ಟೇ. ಆಂಟಿವೈರಸ್ಸಿನಿಂದ ಬಿದ್ದ ಟೆಸ್ಟ್ ಸುಳ್ಳು ಟೆಸ್ಟಲ್ಲ. ಗಿರಾಕಿಯ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇದ್ದೇ ಇರುತ್ತದೆ. 2012ರ ವಿಂಡೋಸ್ 8ರಿಂದ ಈಚೆಗಂತೂ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸಿನ ಜೊತೆಗೇ ಬರುತ್ತದೆ. ಅದಿಲ್ಲದ ಯಂತ್ರದಲ್ಲಿ ಮಾತ್ರ ಪರೀಕ್ಷೆ ಮಾಡಿ ಪಾಸು ಎಂದರೆ, ಯಾರೂ ಬಳಸದ ಯಂತ್ರದಲ್ಲಿ ನಮ್ಮ ಸಾಫ್ಟ್‌ವೇರ್ ಚೆನ್ನಾಗಿದೆ ಎಂದಷ್ಟೇ ಅರ್ಥ. ಚೀಟಿಯ ತೊಂದರೆಯನ್ನು ಸರಿ ಮಾಡಿದ್ದು ಡೇರಿಯ ಆಂಟಿವೈರಸ್ಸನ್ನು ಆಫ್ ಮಾಡಿ ಅಲ್ಲ. ನಮ್ಮ ಕೋಡಿನಲ್ಲಿ, ಹೆಸರು ಬದಲಿಸಲು ಆಗದಿದ್ದರೆ ಚೂರು ಕಾದು ಮತ್ತೆ ಯತ್ನಿಸು, ಆಗಲೂ ಆಗದಿದ್ದರೆ ಬಾಯಿಬಿಟ್ಟು ಹೇಳು ಎಂದು ಬರೆಸಿದೆವು. ಎಸ್‌ಕ್ಯೂಲೈಟಿನವರು ಯಾವತ್ತೋ ಕಲಿತ ಪಾಠ.

ಹಾಗೆಂದು ಎಲ್ಲ ಟೆಸ್ಟನ್ನೂ ಆಂಟಿವೈರಸ್ಸಿನ ಬಾಯಿಗೆ ಕೊಡಿ ಎನ್ನುವುದಿಲ್ಲ. ಲೆಕ್ಕ ಸರಿಯಿದೆಯೇ, ಬಡ್ಡಿ ಸರಿಯಿದೆಯೇ ಎಂದು ನೋಡುವ ಸಾವಿರಾರು ಸಣ್ಣ ಟೆಸ್ಟ್‌ಗಳಿಗೆ ಅದರ ಹಂಗಿಲ್ಲ. ಅವು ಓಡುವ ಒಂದು ಫೋಲ್ಡರನ್ನು ಮಾತ್ರ ಆಂಟಿವೈರಸ್ ನೋಡದ ಹಾಗೆ ಬಿಡಿಸಿಕೊಂಡರೆ ಸಾಕು. ಇದಕ್ಕೆ ಎಕ್ಸ್‌ಕ್ಲೂಷನ್ ಎನ್ನುತ್ತಾರೆ. ಇಡೀ ಸಿ ಡ್ರೈವಿಗೋ ಟೆಂಪ್ ಫೋಲ್ಡರಿಗೋ ಎಕ್ಸ್‌ಕ್ಲೂಷನ್ ಹಾಕುವವರನ್ನು ಕಂಡಿದ್ದೇನೆ. ಅದು ಆಂಟಿವೈರಸ್ ಇಟ್ಟುಕೊಂಡೂ ಇಲ್ಲದಂತೆ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇದನ್ನು ನಾವೇ ಮಾಡುವಂತೆಯೂ ಇಲ್ಲ. ಐಟಿ ವಿಭಾಗಕ್ಕೆ ಟಿಕೆಟ್ ಹಾಕಬೇಕು, ಅವರು ಯಾಕೆ ಎನ್ನಬೇಕು, ನಾವು ವಿವರಿಸಬೇಕು. ಬೇಸರದ ಕೆಲಸವೇ, ಆದರೆ ಅವರು ಕೇಳುವುದು ಸರಿ. ಮೈಕ್ರೋಸಾಫ್ಟ್ 2023ರಲ್ಲಿ ವಿಂಡೋಸ್ 11ಕ್ಕೆ ಡೆವ್ ಡ್ರೈವ್ ಎಂಬುದನ್ನು ತಂದದ್ದು ಈ ಜಗಳಕ್ಕೆ ಒಂದು ರಾಜಿಯಂತೆಯೇ. ಆ ಡ್ರೈವಿನಲ್ಲಿ ಡಿಫೆಂಡರ್ ಫೈಲನ್ನು ತಡೆದು ನಿಲ್ಲಿಸಿ ನೋಡದೆ, ಹೋಗಲು ಬಿಟ್ಟು ಆಮೇಲೆ ಪರಿಶೀಲಿಸುತ್ತದೆ. ಪರಿಶೀಲನೆ ತಪ್ಪುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ನಾವು ಈಗ ಮಾಡುವುದು ಹೀಗೆ: ರಾತ್ರಿಯ ದೊಡ್ಡ ಓಟ ಎಕ್ಸ್‌ಕ್ಲೂಷನ್ ಇರುವ ಯಂತ್ರದಲ್ಲಿ; ಗಿರಾಕಿಗೆ ಕಳಿಸುವ ಮುನ್ನ, ಆಂಟಿವೈರಸ್ ಪೂರ್ತಿ ಎಚ್ಚರವಿರುವ ಒಂದು ಹಳೆಯ ಯಂತ್ರದಲ್ಲಿ ಇನ್ಸ್ಟಾಲ್ ಮಾಡಿ ಇನ್ನೊಂದು ಓಟ. ಆ ಎರಡನೆಯದರಲ್ಲಿ ಬಿದ್ದರೆ ಯಾರೂ ಆಂಟಿವೈರಸ್ಸಿನ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಆಂಟಿವೈರಸ್ಸನ್ನೇ ಸರಿಯಾಗಿ ಟೆಸ್ಟ್ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಜಗತ್ತು ಕಂಡಿತು. ಅವತ್ತು ಆಷಾಢದ ಎರಡನೇ ಶುಕ್ರವಾರ, ಚಾಮುಂಡಿಬೆಟ್ಟದಲ್ಲಿ ಜನವೋ ಜನ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ರಕ್ಷಣಾ ಸಾಫ್ಟ್‌ವೇರಿಗೆ ಒಂದು ಪುಟ್ಟ ಅಪ್‌ಡೇಟ್ ಕಳಿಸಿತು. 78 ನಿಮಿಷದಲ್ಲಿ ಹಿಂದಕ್ಕೆ ತೆಗೆದುಕೊಂಡರೂ ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ವಿಮಾನಯಾನ ಕಂಪನಿಗಳ ಚೆಕ್-ಇನ್ ನಿಂತು, ಸಿಬ್ಬಂದಿ ಕೈಯಲ್ಲೇ ಕೆಲಸ ಮಾಡಬೇಕಾಯಿತು. ಆಮೇಲೆ ಕಂಪನಿ ಹೊರಡಿಸಿದ ವರದಿಯಲ್ಲಿ ಕಾರಣ ಬಿಡಿಸಿ ಬರೆದಿದ್ದಾರೆ. ಕಳಿಸಿದ ಫೈಲು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಅದನ್ನು ಓದುವ ಕೋಡು ಕೊಡುತ್ತಿದ್ದದ್ದು 20. ಟೆಸ್ಟ್ ಮಾಡಿರಲಿಲ್ಲವೇ? ಮಾಡಿದ್ದರು. ಆದರೆ ಟೆಸ್ಟಿನಲ್ಲಿ 21ನೆಯ ಜಾಗಕ್ಕೆ ‘ಏನಿದ್ದರೂ ಸರಿ’ ಎಂಬ ಗುರುತು ಹಾಕಿದ್ದರು, ಆದ್ದರಿಂದ ಅದು ಆ ಜಾಗವನ್ನು ಮುಟ್ಟಿ ನೋಡಲೇ ಇಲ್ಲ. ನಿಜವಾದ ಮೌಲ್ಯ ಹಾಕಿದ ದಿನ, ಇಲ್ಲದ 21ನೆಯದನ್ನು ಓದಲು ಹೋಗಿ ಯಂತ್ರ ಬಿತ್ತು. ಟೆಸ್ಟರ್ ಆಗಿ ಈ ವರದಿ ಓದುವಾಗ ಹೊಟ್ಟೆಯೊಳಗೆ ಕಿವುಚಿದಂತಾಯಿತು.

ಅದು ಮೊದಲನೆಯದೂ ಅಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿ ಕಳಿಸಿದ ಅಪ್‌ಡೇಟು ವಿಂಡೋಸ್ ಎಕ್ಸ್‌ಪಿಯ ಒಂದು ಅತಿ ಮುಖ್ಯ ಫೈಲನ್ನೇ ವೈರಸ್ ಎಂದು ಹಿಡಿದು ಎತ್ತಿಹಾಕಿತು. ಯಂತ್ರಗಳು ಮತ್ತೆ ಮತ್ತೆ ಆಫ್ ಆಗಿ ಆನ್ ಆದವು. ತಮ್ಮ ಆಂಟಿವೈರಸ್ಸಿನ ಒಂದು ನಿರ್ದಿಷ್ಟ ಆವೃತ್ತಿಯನ್ನು ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 3ರ ಮೇಲೆ ಪರೀಕ್ಷಿಸಿರಲಿಲ್ಲ ಎಂಬುದು ಆಮೇಲೆ ಹೊರಬಂತು. ಗಿರಾಕಿಗಳಲ್ಲಿದ್ದ ಯಂತ್ರ ಅವರ ಪರೀಕ್ಷಾ ಕೋಣೆಯಲ್ಲಿರಲಿಲ್ಲ. ಆಗ ಮೆಕಾಫಿಯ ಮುಖ್ಯ ತಾಂತ್ರಿಕ ಅಧಿಕಾರಿಯಾಗಿದ್ದ ಜಾರ್ಜ್ ಕರ್ಟ್ಸ್ ಮುಂದಿನ ವರ್ಷ ಅಲ್ಲಿಂದ ಹೊರಬಂದು ಇತರರೊಂದಿಗೆ ಕಟ್ಟಿದ ಕಂಪನಿಯೇ ಕ್ರೌಡ್‌ಸ್ಟ್ರೈಕ್.

ಓದುತ್ತಿರುವ ನಿಮ್ಮಲ್ಲಿ ಸಂಘದ ಸೆಕ್ರೆಟರಿಗಳಿರಬಹುದು, ಅಂಗಡಿ ಇಟ್ಟವರಿರಬಹುದು, ಸೈಬರ್ ಸೆಂಟರ್ ನಡೆಸುವವರಿರಬಹುದು. ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ‘ಆಂಟಿವೈರಸ್ ಆಫ್ ಮಾಡಿದ್ರೆ ಮಾತ್ರ ಓಡೋದು ಸಾರ್’ ಎಂದರೆ ಒಪ್ಪಬೇಡಿ. ಯಾವ ಫೋಲ್ಡರಿಗೆ ವಿನಾಯಿತಿ ಬೇಕು, ಯಾಕೆ ಬೇಕು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಅಷ್ಟಕ್ಕೆ ಮಾತ್ರ ಕೊಡಿ. ನಾಳೆ ಆಂಟಿವೈರಸ್ ಏನನ್ನಾದರೂ ಹಿಡಿದರೆ, ‘ಅಲೌ’ ಒತ್ತುವ ಮುಂಚೆ ಪರದೆಯ ಫೋಟೊ ತೆಗೆದು ಅವರಿಗೆ ಕಳಿಸಿ. ಫೈಲಿನ ಹೆಸರೂ ಸಮಯವೂ ಅದರಲ್ಲಿ ಇರಲಿ. ನನ್ನಂಥವಳಿಗೆ ಅದೊಂದು ಫೋಟೊ ಸಿಕ್ಕರೆ ಅರ್ಧ ಕೆಲಸ ಆದಂತೆ.